ಒಂದೇ ರೆಂಬೆಯ ದಾಸವಾಳವನ್ನು ಉಳಿಸಿಕೊಂಡ ಬಗೆ

ಹನುಮಂತನಗರದ ನಮ್ಮ ಮನೆಯ ಕಾಂಪೌಂಡಿಗೆ ಒತ್ತಿಕೊಂಡು ಬೆಳೆದಿದ್ದ ಸಾಮಾನ್ಯ ಕೆಂಪು ದಾಸವಾಳದ ಒಂದು ರೆಂಬೆಯಲ್ಲಿ, 2019ರ ಮಳೆಗಾಲದಲ್ಲಿ, ಮೂರು ಎಸಳು ಕೆಂಪಗೂ ಎರಡು ಎಸಳು ತೆಳುಗುಲಾಬಿ ಬಣ್ಣದ್ದೂ ಆದ ಹೂವು ಅರಳಿತು. ಇಂಥ ಸ್ಪೋರ್ಟ್ (ಗಿಡದ ಒಂದು ಭಾಗದಲ್ಲಿ ತಾನಾಗಿ ಹುಟ್ಟುವ ಬದಲಾವಣೆ) ಮನೆಯಲ್ಲಿ ನಿಲ್ಲುವುದಿಲ್ಲ, ಮತ್ತೆ ಕೆಂಪಿಗೇ ತಿರುಗುತ್ತದೆ ಎಂದು ಪರಿಚಯದ ನರ್ಸರಿಯವರೂ ನಮ್ಮ ಸೋದರಮಾವನವರೂ ಖಂಡಿತವಾಗಿ ಹೇಳಿದ್ದರು. ಇಂದು ನನ್ನ ತಾರಸಿಯಲ್ಲಿ ಒಂಬತ್ತು ಗಿಡಗಳಿದ್ದು, ಒಂಬತ್ತರಲ್ಲೂ ಅಪ್ಪಟ ತೆಳುಗುಲಾಬಿ ಹೂವೇ ಬಿಡುತ್ತಿದೆ.

ಮೊದಲು ಆ ರೆಂಬೆಯಿಂದ ಹದಿನೈದು ಕಡ್ಡಿ ತೆಗೆದು ನೆಟ್ಟೆ. ಹನ್ನೊಂದು ಬೇರು ಬಿಟ್ಟವು. ವರ್ಷವಿಡೀ ಕಾದ ಮೇಲೆ ಹನ್ನೊಂದರಲ್ಲೂ ಅಚ್ಚಕೆಂಪು ಹೂವು! ಮರುವರ್ಷ ಆರು ಗೂಟಿ ಕಟ್ಟಿದೆ, ಅಂದರೆ ಗಿಡದಲ್ಲಿರುವಾಗಲೇ ತೊಗಟೆ ಸುಲಿದು ಪಾಚಿ ಸುತ್ತಿ ಬೇರು ಬರಿಸುವ ಕ್ರಮ. ಪಾಚಿ, ಹಾರ್ಮೋನ್ ಪುಡಿ, ಕುಂಡಗಳೆಂದು ಸುಮಾರು ಎರಡೂವರೆ ಸಾವಿರ ರೂಪಾಯಿ ಹೋಯಿತು. ನಾಲ್ಕು ಬೇರುಬಿಟ್ಟು, ಒಂದು ಹಿಟ್ಟು ತಿಗಣೆಗೆ ಬಲಿಯಾಗಿ, ಉಳಿದ ಮೂರೂ ಕೆಂಪಾದವು.

ಆಗ ಕತ್ತರಿ ಕೆಳಗಿಟ್ಟು, ಒಂದು ಇಡೀ ಹಂಗಾಮು ರೆಂಬೆಯನ್ನು ಸುಮ್ಮನೆ ಗಮನಿಸಿದೆ. ಪೂರ್ತಿ ಗುಲಾಬಿ ಹೂ ಬಿಟ್ಟ ಗಂಟಿಗೆ ಬಿಳಿ ದಾರ, ಎರಡು ಬಣ್ಣದ್ದಕ್ಕೆ ಹಳದಿ ದಾರ ಕಟ್ಟುತ್ತ ಹೋದಾಗ, ಬಿಳಿ ದಾರಗಳೆಲ್ಲ ರೆಂಬೆಯ ಪೂರ್ವದ ಮಗ್ಗುಲಲ್ಲೇ ಸಾಲಾಗಿ ನಿಂತಿದ್ದವು. ಬಣ್ಣ ಬದಲಾಗಿದ್ದದ್ದು ಕಾಂಡದ ಒಂದು ಪಾರ್ಶ್ವದಲ್ಲಿ ಮಾತ್ರ. ನನ್ನ ಕಡ್ಡಿಗಳಲ್ಲಿ ಚಿಗುರಿದ್ದು ಉಳಿದ ಪಾರ್ಶ್ವದ ಕಣ್ಣುಗಳು, ಅಂದರೆ ಚಿಗುರೊಡೆಯುವ ಮೊಗ್ಗುಗಳು. ಎರಡು ಬಣ್ಣದ ಹೂವನ್ನೇ ಹಿಡಿದಿಡಬೇಕೆಂಬ ಆಸೆಯನ್ನು ಅಂದೇ ಬಿಟ್ಟೆ, ಏಕೆಂದರೆ ಅದು ಎರಡು ಪಾರ್ಶ್ವಗಳು ಕೂಡುವ ಗಡಿಯಲ್ಲಿ ಮಾತ್ರ ಹುಟ್ಟುತ್ತದೆ.

ಆದ್ದರಿಂದ ಬಿಳಿ ದಾರದ ಗಂಟುಗಳಿಂದ ಒಂದೊಂದೇ ಕಣ್ಣು ತೆಗೆದು, ಬೇರೆ ಗಿಡದ ತೊಗಟೆಯೊಳಗೆ ಕೂರಿಸಿ ಕಣ್ಣು ಕಸಿ ಮಾಡಿದೆ. ಬುಡಕ್ಕೆ ಹೊಸ ಗಿಡ ಕೊಳ್ಳಬೇಕಾಗಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಕೆಂಪು ಗಿಡಗಳೇ ಒದಗಿದವು. ಏಪ್ರಿಲ್‌ನಲ್ಲಿ ಕೂರಿಸಿದ ಐದೂ ಕಣ್ಣುಗಳು ಒಣಗಿದವು, ಆ ಬಿಸಿಲಿನಲ್ಲಿ ಅವಸರ ಮಾಡಬಾರದಿತ್ತು. ಜೂನ್‌ನ ಮೋಡದ ದಿನಗಳಲ್ಲಿ ಕೂರಿಸಿದ ಎಂಟರಲ್ಲಿ ಐದು ಹಿಡಿದವು. ಕಣ್ಣು ತೆಗೆಯುವ ಹತ್ತು ದಿನ ಮೊದಲು ರೆಂಬೆಗೆ ಮಾಡುವ ಒಂದು ಚಿಕ್ಕ ಉಪಚಾರವಿದೆ. ಇನ್ನೊಂದು ಮಳೆಗಾಲ ಪರೀಕ್ಷಿಸುವ ತನಕ ಅದು ನನ್ನಲ್ಲೇ ಇರಲಿ. ಬುಡದಿಂದ ಬರುವ ಚಿಗುರನ್ನು ಮಾತ್ರ ವಾರಕ್ಕೊಮ್ಮೆ ತಪ್ಪದೆ ಚಿವುಟಬೇಕು, ಇಲ್ಲವಾದರೆ ಕೆಂಪೇ ಮೇಲೆದ್ದು ಕಸಿಯನ್ನು ನುಂಗಿಬಿಡುತ್ತದೆ.

ನಡುವೆ ಪಕ್ಕದ ಮನೆಯ ಹಳದಿ ದಾಸವಾಳದ ಪರಾಗವನ್ನೂ ಹಚ್ಚಿ ನೋಡಿದೆ. ಇಪ್ಪತ್ತಕ್ಕೂ ಹೆಚ್ಚು ಹೂಗಳಲ್ಲಿ ಒಂದೇ ಕಾಯಿ ಕಟ್ಟಿತು, ಅದೂ ಬಲಿಯುವ ಮುನ್ನ ಉದುರಿತು. ಆದರೂ ಆ ಪ್ರಯೋಗವನ್ನು ನಾನು ಬಿಟ್ಟಿಲ್ಲ.

ಐದು ಕಸಿ ಗಿಡಗಳಲ್ಲಿ ನಾಲ್ಕರ ಹೂವು ಪೂರ್ತಿ ಗುಲಾಬಿ. ಐದನೆಯದರಲ್ಲಿ ಕೆಂಪು ಗೆರೆ ಕಂಡದ್ದರಿಂದ ಅದನ್ನು ಬೇರೆ ಇಟ್ಟೆ. ಆ ನಾಲ್ಕರಿಂದ ತೆಗೆದ ಕಡ್ಡಿಗಳು ಈಗ ಹೂ ಬಿಟ್ಟಿವೆ, ಒಂದೂ ಕೆಂಪಿಗೆ ತಿರುಗಿಲ್ಲ. 2024ರಲ್ಲಿ ರಸ್ತೆ ಅಗೆದಾಗ ಕಾಂಪೌಂಡಿನ ಜೊತೆಗೆ ತಾಯಿಗಿಡವೂ ಹೋಯಿತು. ಮೊನ್ನೆ ಮಾವನವರು ಬಂದು, ಹೂವನ್ನು ಬಹಳ ಹೊತ್ತು ನೋಡಿ, ತಮಗೂ ಒಂದು ಗಿಡ ಬೇಕೆಂದರು. ಅವರಿಗಾಗಿ ಜೂನ್‌ನಲ್ಲಿ ಎರಡು ಕಡ್ಡಿ ನೆಡಲಿದ್ದೇನೆ.