ಅರ್ಧ ರೆಪ್, ಪೂರ್ಣ ರೆಪ್: ಭಾರ ಎತ್ತುವಾಗ ಎಲ್ಲಿಯವರೆಗೆ ಇಳಿಯಬೇಕು?

ಡಂಬೆಲ್ ಹಿಡಿದು ಬೈಸೆಪ್ಸ್ ಕರ್ಲ್ ಮಾಡುತ್ತಿರುವವರ ಮೊಣಕೈಯನ್ನು ಒಮ್ಮೆ ಗಮನವಿಟ್ಟು ನೋಡಿ. ಮೊದಲ ನಾಲ್ಕೈದು ಸಲ ತೋಳು ನೀಳವಾಗುವವರೆಗೂ ಕೆಳಗಿಳಿಯುತ್ತದೆ. ಆಯಾಸ ಏರುತ್ತ ಹೋದಂತೆ ಮೊಣಕೈ ಬಿಚ್ಚಿಕೊಳ್ಳುವುದು ಕಡಿಮೆಯಾಗಿ, ಎಂಟನೆಯ ರೆಪ್ಪಿನ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್) ಹೊತ್ತಿಗೆ ಡಂಬೆಲ್ ಎದೆಗೂ ಹೊಟ್ಟೆಗೂ ನಡುವೆ ಮಾತ್ರ ಓಡಾಡುತ್ತಿರುತ್ತದೆ. ಲೆಕ್ಕಕ್ಕೆ ಹತ್ತು ರೆಪ್ ಆಗಿರುತ್ತದೆ ನಿಜ. ಆದರೆ ಕೊನೆಯ ಮೂರು ರೆಪ್‌ಗಳು ಮೊದಲ ಮೂರಕ್ಕೆ ಸಮವಲ್ಲ, ಏಕೆಂದರೆ ಬಿಟ್ಟುಹೋದ ಭಾಗವೇ ಆ ವ್ಯಾಯಾಮದ ಹೆಚ್ಚು ಬೆಲೆಯುಳ್ಳ ಭಾಗ.

ಕೀಲು ಎಷ್ಟು ಮಡಚಿ ಎಷ್ಟು ಬಿಚ್ಚಿಕೊಳ್ಳುತ್ತದೆಯೋ ಅದೇ ಚಲನೆಯ ವ್ಯಾಪ್ತಿ. ಅದರ ಒಂದು ತುದಿಯಲ್ಲಿ ಸ್ನಾಯು ಹಿಗ್ಗಿರುತ್ತದೆ, ಇನ್ನೊಂದು ತುದಿಯಲ್ಲಿ ಕುಗ್ಗಿರುತ್ತದೆ. ಸ್ಕ್ವಾಟ್‌ನಲ್ಲಿ ಕೆಳಗೆ ಕುಳಿತಾಗ, ಮಲಗಿ ಭಾರ ಎತ್ತುವ ಬೆಂಚ್ ಪ್ರೆಸ್‌ನಲ್ಲಿ ಬಾರ್ (ಭಾರದ ಕಂಬಿ) ಎದೆಗೆ ತಾಕಿದಾಗ, ಹಿಮ್ಮಡಿ ಎತ್ತಿ ಇಳಿಸುವ ಕಾಫ್ ರೈಸ್‌ನಲ್ಲಿ ಹಿಮ್ಮಡಿ ಮೆಟ್ಟಿಲಿನಿಂದ ಕೆಳಗಿಳಿದಾಗ ಕೆಲಸ ಮಾಡುವ ಸ್ನಾಯು ಹಿಗ್ಗಿದ ಸ್ಥಿತಿಯಲ್ಲಿರುತ್ತದೆ. ಹಿಗ್ಗಿದ ಸ್ನಾಯುವಿನ ಮೇಲೆ ಭಾರ ಬಿದ್ದಾಗ ಅದು ಚೆನ್ನಾಗಿ ಬೆಳೆಯುತ್ತದೆ ಎಂಬುದನ್ನು ಈಚಿನ ಹಲವು ಪ್ರಯೋಗಗಳು ತೋರಿಸಿವೆ. 2019ರಲ್ಲಿ ಜಪಾನಿನ ಸಂಶೋಧಕರು 10 ವಾರಗಳ ಕಾಲ ಪೂರ್ಣ ಸ್ಕ್ವಾಟ್ ಮತ್ತು ಅರ್ಧ ಸ್ಕ್ವಾಟ್‌ಗಳನ್ನು ಹೋಲಿಸಿ ನೋಡಿದಾಗ, ತೊಡೆಯ ಮುಂಭಾಗದ ಸ್ನಾಯುಗಳು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆಳೆದಿದ್ದವು. ಪೃಷ್ಠದ ಮತ್ತು ಒಳತೊಡೆಯ ಸ್ನಾಯುಗಳ ಬೆಳವಣಿಗೆ ಮಾತ್ರ ಆಳಕ್ಕೆ ಇಳಿದವರಲ್ಲಿ ಎರಡು ಪಟ್ಟಿಗೂ ಮಿಗಿಲಾಗಿತ್ತು.

ಆದ್ದರಿಂದ ಮೊದಲು ವ್ಯಾಪ್ತಿಯನ್ನು ನಿಗದಿಮಾಡಿಕೊಂಡು, ಆಮೇಲೆ ಭಾರವನ್ನು ಆರಿಸಬೇಕು. ಜಿಮ್‌ಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವಾಗಿರುತ್ತದೆ.

ಮೊದಲ ಹೆಜ್ಜೆ, ನಿಮ್ಮ ಪೂರ್ಣ ವ್ಯಾಪ್ತಿ ಎಷ್ಟೆಂದು ಅರಿಯುವುದು. ತೊಡೆಮೂಳೆಯ ಉದ್ದ ಮತ್ತು ಸೊಂಟದ ಕೀಲಿನ ರಚನೆ ಒಬ್ಬರಿಂದ ಒಬ್ಬರಿಗೆ ಬೇರೆಯಾಗಿರುವುದರಿಂದ ಎಲ್ಲರ ಪೂರ್ಣ ಸ್ಕ್ವಾಟ್ ಒಂದೇ ಆಳದ್ದಾಗಿರುವುದಿಲ್ಲ. ಫೋನನ್ನು ಸೊಂಟದ ಎತ್ತರದಲ್ಲಿ, ಪಕ್ಕದಿಂದ ಕಾಣುವಂತೆ ಇಟ್ಟು, ಬರಿಗೈಯಲ್ಲಿ ನಿಧಾನವಾಗಿ ಕುಳಿತೇಳುವುದನ್ನು ಚಿತ್ರಿಸಿಕೊಳ್ಳಿ. ಒಂದು ಹಂತದಲ್ಲಿ ಸೊಂಟ ಒಳಕ್ಕೆ ಮಗುಚಿ ಕೆಳಬೆನ್ನು ಗುಂಡಾಗುವುದು ಕಾಣುತ್ತದೆ. ಭಾರ ಹೊತ್ತಾಗ ಅದಕ್ಕಿಂತ ತುಸು ಮೇಲೆಯೇ ನಿಲ್ಲಬೇಕು. ಹಿಮ್ಮಡಿ ಏಳುತ್ತಿದ್ದರೆ ಪಾದದ ಕೀಲನ್ನು ಪರೀಕ್ಷಿಸಿ. ಹೆಬ್ಬೆರಳನ್ನು ಗೋಡೆಯಿಂದ ಸುಮಾರು 10 ಸೆಂಟಿಮೀಟರ್ ದೂರದಲ್ಲಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಲು ಸಾಧ್ಯವಾದರೆ ಸ್ಕ್ವಾಟ್‌ಗೆ ಸಾಮಾನ್ಯವಾಗಿ ಅಷ್ಟು ಬಾಗುವಿಕೆ ಸಾಕು. ಸಾಧ್ಯವಾಗದಿದ್ದರೆ, ಕೀಲು ಸಡಿಲಗೊಳ್ಳುವವರೆಗೆ ಹಿಮ್ಮಡಿಯ ಕೆಳಗೆ ಒಂದೆರಡು ಸೆಂಟಿಮೀಟರ್ ದಪ್ಪದ ಆಸರೆ ಇಟ್ಟುಕೊಂಡು ಮಾಡುವುದರಲ್ಲಿ ತಪ್ಪೇನಿಲ್ಲ.

ಎರಡನೆಯ ಹೆಜ್ಜೆ ಹಲವರಿಗೆ ಕಷ್ಟವೆನಿಸುತ್ತದೆ: ಭಾರ ಇಳಿಸಬೇಕು. ಅರ್ಧ ಸ್ಕ್ವಾಟ್‌ನಲ್ಲಿ 100 ಕಿಲೊ ಹೊರುತ್ತಿದ್ದವರಿಗೆ ಪೂರ್ಣ ಆಳದಲ್ಲಿ 60 ಕಿಲೊ ಕೂಡ ಸಾಕೆನಿಸಬಹುದು. ಇದನ್ನು ಹಿನ್ನಡೆ ಎಂದುಕೊಳ್ಳಬೇಡಿ. ಎಂಟರಿಂದ ಹನ್ನೆರಡು ರೆಪ್ ಮಾಡಿದ ಮೇಲೂ ಇನ್ನೆರಡು ಮಾಡಬಹುದಿತ್ತು ಎನಿಸುವಷ್ಟು ಭಾರವನ್ನು ಆರಿಸಿಕೊಂಡು, ಕೊನೆಯ ರೆಪ್ ಕೂಡ ಮೊದಲನೆಯದರಷ್ಟೇ ಆಳಕ್ಕೆ ಹೋದರೆ ಮಾತ್ರ ಮುಂದಿನ ವಾರ ಭಾರ ಏರಿಸಿ. ಆಳವನ್ನು ಅಂದಾಜಿಗೆ ಬಿಡಬಾರದು. ಸ್ಕ್ವಾಟ್‌ಗೆ ಹಿಂದೆ ಗಟ್ಟಿಯಾದ ಪೆಟ್ಟಿಗೆಯನ್ನಿಟ್ಟು ಪ್ರತಿ ಸಲವೂ ಅದನ್ನು ಹಗುರಾಗಿ ಸೋಕಿ ಎದ್ದರೆ ದೇಹಕ್ಕೆ ಸುಳ್ಳು ಹೇಳಲು ಅವಕಾಶವೇ ಇರುವುದಿಲ್ಲ.

ಇಳಿಸುವಾಗ ಎರಡು ಮೂರು ಸೆಕೆಂಡು ತೆಗೆದುಕೊಳ್ಳಿ, ತಳದಲ್ಲಿ ಒಂದು ಕ್ಷಣ ನಿಂತು, ಬಳಿಕ ಎತ್ತಿ. ಬಾರನ್ನು ಎದೆಯ ಮೇಲೆ ಪುಟಿಸಿ ಎತ್ತುವವರು ವ್ಯಾಪ್ತಿಯನ್ನೇನೋ ಪೂರೈಸುತ್ತಾರೆ. ಆದರೆ ಸ್ನಾಯು ಹಿಗ್ಗಿರುವ ಆ ಹೊತ್ತಿನಲ್ಲಿ ಕೆಲಸವನ್ನು ಸ್ನಾಯು ಮಾಡುವುದಿಲ್ಲ, ಪುಟಿತ ಮಾಡುತ್ತದೆ.

ವ್ಯಾಯಾಮದ ಆಯ್ಕೆಯೂ ಇಲ್ಲಿ ಮುಖ್ಯ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಸೊಂಟವನ್ನೂ ಮಂಡಿಯನ್ನೂ ದಾಟಿ ಹೋಗುವುದರಿಂದ, ಮಂಡಿ ಅಷ್ಟೇ ಮಡಚಿದರೂ ಮಲಗಿ ಮಾಡುವ ಲೆಗ್ ಕರ್ಲ್‌ಗಿಂತ (ಯಂತ್ರದ ಭಾರದೆದುರು ಮಂಡಿ ಮಡಚುವ ವ್ಯಾಯಾಮ) ಕುಳಿತು ಮಾಡುವ ಲೆಗ್ ಕರ್ಲ್‌ನಲ್ಲಿ ಅದು ಹೆಚ್ಚು ಹಿಗ್ಗಿರುತ್ತದೆ. 2021ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ ಕುಳಿತು ಮಾಡಿದ ಕಾಲಿನ ಹ್ಯಾಮ್‌ಸ್ಟ್ರಿಂಗ್ ಶೇ 14ರಷ್ಟೂ ಮಲಗಿ ಮಾಡಿದ ಕಾಲಿನದು ಶೇ 9ರಷ್ಟೂ ಬೆಳೆಯಿತು. ಎರಡೂ ಯಂತ್ರಗಳಿದ್ದರೆ ನಾನಂತೂ ಕುಳಿತು ಮಾಡುವುದನ್ನೇ ಆರಿಸುವೆ.

ಹಾಗಾದರೆ ಅರ್ಧ ರೆಪ್‌ಗಳಿಗೆ ಜಾಗವೇ ಇಲ್ಲವೇ? ಇದೆ, ಆದರೆ ಯಾವ ಅರ್ಧ ಎಂಬುದನ್ನು ತಿಳಿದು ಮಾಡಬೇಕು. ಹಿಮ್ಮಡಿ ಕೆಳಗಿರುವ ಅರ್ಧದಲ್ಲಷ್ಟೇ ಕಾಫ್ ರೈಸ್ ಮಾಡಿದವರ ಮೀನಖಂಡ ಪೂರ್ಣ ವ್ಯಾಪ್ತಿಯಲ್ಲಿ ಮಾಡಿದವರದಕ್ಕಿಂತಲೂ ಹೆಚ್ಚು ಬೆಳೆದದ್ದನ್ನು 2023ರ ಒಂದು ಅಧ್ಯಯನ ದಾಖಲಿಸಿದೆ. ಮೇಲಿನ ಅರ್ಧದಲ್ಲಿ ಮಾಡಿದವರಿಗೆ ಎಲ್ಲಕ್ಕಿಂತ ಕಡಿಮೆ ಫಲ ಸಿಕ್ಕಿತು. ಬೇರೆ ಸ್ನಾಯುಗಳಲ್ಲಿ ಹಿಗ್ಗಿದ ಭಾಗದ ಅರ್ಧ ರೆಪ್‌ಗಳು ಪೂರ್ಣ ರೆಪ್‌ಗಳಷ್ಟೇ ಫಲ ಕೊಟ್ಟ ಪ್ರಯೋಗಗಳೂ ಇರುವುದರಿಂದ, ಪೂರ್ಣ ರೆಪ್‌ಗಳನ್ನು ಬಿಟ್ಟುಬಿಡುವ ಅಗತ್ಯವಿಲ್ಲ. ಪೂರ್ಣ ರೆಪ್ ಇನ್ನು ಸಾಧ್ಯವಿಲ್ಲವೆನಿಸಿದಾಗ, ಅದೇ ಸೆಟ್‌ನ (ಬಿಡುವಿಲ್ಲದೆ ಮಾಡುವ ರೆಪ್‌ಗಳ ಸರಣಿ) ಕೊನೆಯಲ್ಲಿ ಕೆಳಭಾಗದ ಮೂರರಿಂದ ಐದು ಅರ್ಧ ರೆಪ್‌ಗಳನ್ನು ಸೇರಿಸಿ. ಕಾಫ್ ರೈಸ್, ಲೆಗ್ ಕರ್ಲ್, ಯಂತ್ರದ ಕೇಬಲನ್ನು ದೇಹದತ್ತ ಎಳೆಯುವ ಕೇಬಲ್ ರೋ ಇದಕ್ಕೆ ತಕ್ಕವು. ಬಾರ್ ಹೊತ್ತ ಸ್ಕ್ವಾಟ್‌ನಲ್ಲಿ, ಬೆಂಚ್ ಪ್ರೆಸ್‌ನಲ್ಲಿ ದಣಿವಿನ ತುದಿಯಲ್ಲಿ ಹೀಗೆ ಮಾಡಬೇಡಿ. ಬಾರ್ ಮೈಮೇಲೆ ಬಿದ್ದೀತು.

ಸ್ಪರ್ಧೆಗೆ ಸಿದ್ಧವಾಗುವ ಪವರ್‌ಲಿಫ್ಟರ್‌ಗಳು ಮೇಲಿನ ಅರ್ಧವನ್ನು ಬೇಕೆಂದೇ ಅಭ್ಯಾಸ ಮಾಡುತ್ತಾರೆ. ಯಾವ ಕೋನದಲ್ಲಿ ತರಬೇತಿ ಮಾಡುತ್ತೇವೆಯೋ ಆ ಕೋನದ ಆಸುಪಾಸಿನಲ್ಲೇ ಶಕ್ತಿ ಹೆಚ್ಚು ಕೂಡುತ್ತದೆ. ಹಾಗಾಗಿ ಬೆಂಚ್ ಪ್ರೆಸ್‌ನ ಕೊನೆಯ ಗೇಣಿನಲ್ಲಿ ಸಿಕ್ಕಿಹಾಕಿಕೊಳ್ಳುವವರು ಬಾರನ್ನು ರ‍್ಯಾಕ್‌ನ ಪಿನ್‌ಗಳ ಮೇಲಿಟ್ಟು ಅಲ್ಲಿಂದಲೇ ಎತ್ತುವುದರಲ್ಲಿ ಅರ್ಥವಿದೆ.

ನೋವಿದ್ದಾಗಲೂ ಅರ್ಧ ಚಲನೆ ನೆರವಿಗೆ ಬರುತ್ತದೆ. ಮಂಡಿ ಅಥವಾ ಭುಜ ಒಂದು ಕೋನದಾಚೆ ನೋಯುತ್ತಿದ್ದರೆ ವ್ಯಾಯಾಮವನ್ನೇ ಬಿಡುವ ಬದಲು ನೋಯದ ಭಾಗದಲ್ಲಿ ಹಗುರವಾದ ಭಾರದಿಂದ ಮಾಡುತ್ತ, ಪೆಟ್ಟಿಗೆಯ ಎತ್ತರವನ್ನು ವಾರಕ್ಕೊಮ್ಮೆ ತುಸು ತಗ್ಗಿಸುತ್ತ ಬರಬಹುದು. ಊತವಿದ್ದರೆ, ಕೀಲು ಸಿಕ್ಕಿಕೊಂಡಂತಾದರೆ ಅಥವಾ ನೋವು ದಿನೇದಿನೇ ಹೆಚ್ಚುತ್ತಿದ್ದರೆ ವೈದ್ಯರನ್ನು ಅಥವಾ ಫಿಸಿಯೋಥೆರಪಿಸ್ಟರನ್ನು ಮೊದಲು ಕಾಣಬೇಕು.

ಅಭ್ಯಾಸದ ಪುಸ್ತಕದಲ್ಲಿ ಭಾರ ಮತ್ತು ರೆಪ್‌ಗಳ ಜೊತೆಗೆ ಆಳವನ್ನೂ ಬರೆಯಿರಿ: "60 ಕಿಲೊ, ಪೆಟ್ಟಿಗೆ 35 ಸೆಂಟಿಮೀಟರ್, 8 ಪೂರ್ಣ". ಲೆಗ್ ಕರ್ಲ್‌ನ ಸಾಲಿನಲ್ಲಿ "9 ಪೂರ್ಣ, 4 ಅರ್ಧ" ಎಂದು ಬೇರೆಬೇರೆಯಾಗಿಯೇ ಬರೆಯಿರಿ. ಹದಿಮೂರು ಎಂದು ಕೂಡಿಸಿ ಬರೆಯಬೇಡಿ.