ವಾರಕ್ಕೆ ಎಂಟು ಗಂಟೆಯ ಚಳಿಗಾಲ

ದಕ್ಷಿಣ ಇಂಗ್ಲೆಂಡಿನಲ್ಲಿ ಹವ್ಯಾಸಿ ಸೈಕಲ್ ರೇಸಿನ ಮುಖ್ಯ ಹಂಗಾಮು ಮಾರ್ಚ್‌ನಲ್ಲಿ ಆರಂಭವಾಗಿ ಸೆಪ್ಟೆಂಬರ್ ಹೊತ್ತಿಗೆ ಮುಗಿಯುತ್ತದೆ. ಬ್ರಿಟಿಷ್ ಸೈಕ್ಲಿಂಗ್ ಸಂಸ್ಥೆಯ ಲೈಸೆನ್ಸ್ ಪಡೆದ ಹೊಸಬರು ನಾಲ್ಕನೆಯ ದರ್ಜೆಯಲ್ಲಿ ಶುರುಮಾಡಿ, 12 ಅಂಕ ಗಳಿಸಿದರೆ ಮೂರನೆಯ ದರ್ಜೆಗೂ, ಅಲ್ಲಿ ಒಂದೇ ಹಂಗಾಮಿನಲ್ಲಿ 40 ಅಂಕ ಗಳಿಸಿದರೆ ಎರಡನೆಯ ದರ್ಜೆಗೂ ಏರುತ್ತಾರೆ. ನಾನು ಮೂರನೆಯ ದರ್ಜೆಯವನು. ಲಂಡನ್ನಿನ ಹೊರವಲಯದಲ್ಲಿ ಮನೆ, ವಾರದಲ್ಲಿ ಐದು ದಿನ ಕಚೇರಿ, ಶಾಲೆಗೆ ಹೋಗುವ ಮಕ್ಕಳು. ಇಷ್ಟರ ನಡುವೆ ಸೈಕಲ್ಲಿಗೆ ಉಳಿಯುವುದು ವಾರಕ್ಕೆ ಸುಮಾರು ಎಂಟು ಗಂಟೆ. ಡಿಸೆಂಬರ್‌ನಲ್ಲಿ ಇಲ್ಲಿ ಬೆಳಗಾಗುವುದೇ ಎಂಟು ಗಂಟೆಯ ಸುಮಾರಿಗೆ, ಸಂಜೆ ನಾಲ್ಕರೊಳಗೆ ಸೂರ್ಯ ಮುಳುಗಿರುತ್ತಾನೆ. ನನ್ನಂತಹವನು ಈ ಐದಾರು ತಿಂಗಳುಗಳನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಕ್ಲಬ್ಬಿನ ಹಿರಿಯರ ಬಾಯಲ್ಲಿ ಇಂದಿಗೂ ಕೇಳಿಬರುವ ಮಾತು ಒಂದೇ: ಕ್ರಿಸ್‌ಮಸ್‌ವರೆಗೆ ಚಿಕ್ಕ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಗಾಲಿ) ಬಿಡಬೇಡ, ನಿಧಾನವಾಗಿ, ದೂರ ದೂರ ತುಳಿ. ಈ ಮಾತಿಗೆ ಆಧಾರವಿಲ್ಲದೆ ಇಲ್ಲ. ಹೆಚ್ಚು ಹೊತ್ತು ಹಗುರವಾಗಿ ತುಳಿಯುವುದರಿಂದ ಸ್ನಾಯುಗಳ ಸುತ್ತ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ವೃದ್ಧಿಯಾಗುತ್ತದೆ, ದೇಹವು ಕೊಬ್ಬನ್ನು ಹೆಚ್ಚು ಉರಿಸಿ ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಸಕ್ಕರೆಯಾದ ಗ್ಲೈಕೊಜೆನ್ ಅನ್ನು ಉಳಿಸಿಕೊಳ್ಳಲು ಕಲಿಯುತ್ತದೆ. ಆದರೆ ಈ ಸೂತ್ರ ಹುಟ್ಟಿದ್ದು ವಾರಕ್ಕೆ ಇಪ್ಪತ್ತು, ಇಪ್ಪತ್ತೈದು ಗಂಟೆ ತುಳಿಯುವ ವೃತ್ತಿಪರರ ಬದುಕಿನಲ್ಲಿ. ಅವರ ವೇಗವನ್ನು ಮಾತ್ರ ಎರವಲು ಪಡೆದು ಗಂಟೆಗಳನ್ನು ಅಲ್ಲೇ ಬಿಟ್ಟು ಬಂದರೆ, ಎಂಟು ಗಂಟೆಯ ನಿಧಾನ ಸವಾರಿಯು ದೇಹವನ್ನು ಬದಲಿಸುವಷ್ಟು ಹೊರೆಯನ್ನು ಹೇರುವುದೇ ಇಲ್ಲ. ಹೆಚ್ಚೆಂದರೆ ಇದ್ದದ್ದನ್ನು ಉಳಿಸಿಕೊಡುತ್ತದೆ. ಆದ್ದರಿಂದ ನನ್ನ ಚಳಿಗಾಲದಲ್ಲಿ ನಿಧಾನದ ಜೊತೆಗೆ, ಅಳತೆಮಾಡಿದ ಶ್ರಮಕ್ಕೂ ಜಾಗವಿದೆ.

ಹಂಗಾಮು ಮುಗಿದ ಮೇಲೆ ಎರಡು ಮೂರು ವಾರ ನಾನು ಯಾವ ಲೆಕ್ಕವನ್ನೂ ಇಡುವುದಿಲ್ಲ. ಮನಸ್ಸಾದರೆ ಸವಾರಿ, ಇಲ್ಲದಿದ್ದರೆ ನಡಿಗೆ. ನವೆಂಬರ್‌ಗೆ ಬರುವಾಗ ವಾರಕ್ಕೊಂದು ಆಕಾರ ಬಂದಿರುತ್ತದೆ: ಮಂಗಳವಾರ ಮತ್ತು ಗುರುವಾರ ಸಂಜೆ ಮನೆಯೊಳಗೆ ಟರ್ಬೊ ಟ್ರೇನರ್ (ಸೈಕಲ್ಲನ್ನು ಸಿಕ್ಕಿಸಿ ನಿಂತಲ್ಲೇ ತುಳಿಯುವ ಸಾಧನ), ಶನಿವಾರ ಒಂದೂವರೆ ಗಂಟೆಯ ಹಗುರ ಸವಾರಿ, ಭಾನುವಾರ ಕ್ಲಬ್ಬಿನವರೊಂದಿಗೆ ನಾಲ್ಕು ಗಂಟೆ. ಸೋಮವಾರ ಮತ್ತು ಶುಕ್ರವಾರ ಜಿಮ್‌ನಲ್ಲಿ ಮುಕ್ಕಾಲು ಗಂಟೆ ಸ್ಕ್ವಾಟ್, ಡೆಡ್‌ಲಿಫ್ಟ್, ಒಂಟಿಕಾಲಿನ ವ್ಯಾಯಾಮಗಳು. ಇದು ಎಂಟು ಗಂಟೆಯ ಲೆಕ್ಕಕ್ಕೆ ಹೊರತು. ಭಾರ ಎತ್ತುವುದನ್ನು ಹಲವು ಸವಾರರು ಮೈ ದಪ್ಪವಾದೀತೆಂದು ದೂರವಿಡುತ್ತಾರೆ; ವಾರಕ್ಕೆರಡು ಸಲ, ಕಡಿಮೆ ಆವರ್ತನೆಗಳಲ್ಲಿ ಎತ್ತಿದರೆ ಅಂಥದ್ದೇನೂ ಆಗುವುದಿಲ್ಲ, ಸ್ಪ್ರಿಂಟಿನಲ್ಲಿ ಅದರ ಫಲ ಖಂಡಿತ ಕಾಣಿಸುತ್ತದೆ.

ಮಂಗಳವಾರದ ಅಭ್ಯಾಸವೇ ಇಡೀ ಚಳಿಗಾಲದ ಬೆನ್ನೆಲುಬು. ಒಂದು ಗಂಟೆಯ ಹೊತ್ತು ಹಿಡಿದಿಡಬಹುದಾದ ಗರಿಷ್ಠ ಶಕ್ತಿಯನ್ನು ಸೈಕಲ್ ಸವಾರರು ಎಫ್‌ಟಿಪಿ ಎನ್ನುತ್ತಾರೆ. ಇಪ್ಪತ್ತು ನಿಮಿಷ ಸಾಧ್ಯವಾದಷ್ಟೂ ಬಲವಾಗಿ ತುಳಿದು, ಅದರ ಸರಾಸರಿಯ ಶೇ. 95ರಷ್ಟನ್ನು ಎಫ್‌ಟಿಪಿ ಎಂದು ಹಿಡಿಯುವುದು ರೂಢಿ. ಅದು 260 ವ್ಯಾಟ್ ಎಂದಿಟ್ಟುಕೊಂಡರೆ, ಅದರ ಶೇ. 88ರಿಂದ 94ರ ನಡುವೆ, ಅಂದರೆ ಸುಮಾರು 230ರಿಂದ 245 ವ್ಯಾಟ್‌ನಲ್ಲಿ ಇಪ್ಪತ್ತು ನಿಮಿಷ ತುಳಿದು, ಐದು ನಿಮಿಷ ಸುಧಾರಿಸಿಕೊಂಡು, ಮತ್ತೆ ಇಪ್ಪತ್ತು ನಿಮಿಷ ತುಳಿಯಬೇಕು. ಸ್ವೀಟ್ ಸ್ಪಾಟ್ ಎಂದು ಕರೆಯುವ ಈ ತೀವ್ರತೆಯ ಗುಣವೇನೆಂದರೆ, ಹೊರೆ ಸಾಕಷ್ಟಿದ್ದರೂ ಒಂದು ದಿನ ಬಿಟ್ಟು ಮತ್ತೆ ತುಳಿಯುವಷ್ಟು ಕಾಲು ಚೇತರಿಸಿಕೊಂಡಿರುತ್ತದೆ.

ಕಾಗದದ ಮೇಲೆ ಸುಲಭವಾಗಿ ಕಾಣುವ ಇದು ಗ್ಯಾರೇಜಿನೊಳಗೆ ಹಾಗಿರುವುದಿಲ್ಲ. ಮೊದಲ ಆರೇಳು ನಿಮಿಷ ಇನ್ನೂ ಹೆಚ್ಚು ತುಳಿಯಬಲ್ಲೆ ಎನಿಸುತ್ತದೆ. ಹತ್ತನೆಯ ನಿಮಿಷಕ್ಕೆ ಬೆವರು ಮೊಣಕೈಯಿಂದ ತೊಟ್ಟಿಕ್ಕಿ ಹ್ಯಾಂಡಲ್‌ಬಾರಿನ ಮೇಲೆ ಹೊದಿಸಿದ ಟವೆಲ್ಲನ್ನು ನೆನೆಸಿರುತ್ತದೆ. ಹೊರಗೆ ಎರಡು ಡಿಗ್ರಿ ಚಳಿಯಿದ್ದರೂ ಎದುರಿನ ದೊಡ್ಡ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತಿರಲೇಬೇಕು, ಏಕೆಂದರೆ ನಿಂತಲ್ಲೇ ತುಳಿಯುವಾಗ ಗಾಳಿ ತಾಗದೆ ಮೈ ಕಾದರೆ ಹೃದಯ ಬಡಿತ ಏರುತ್ತ ಹೋಗಿ ಅದೇ ವ್ಯಾಟ್ ದುಪ್ಪಟ್ಟು ಕಷ್ಟವೆನಿಸುತ್ತದೆ. ಸಾವಿರಗಟ್ಟಲೆ ಪೌಂಡಿನ ಸ್ಮಾರ್ಟ್ ಟ್ರೇನರ್‌ಗಿಂತ ಒಂದು ಒಳ್ಳೆಯ ಫ್ಯಾನ್ ಮುಖ್ಯವೆಂದು ನಾನು ಹೊಸಬರಿಗೆ ಹೇಳುವುದುಂಟು, ಆದರೆ ಯಾರೂ ಮೊದಲು ಫ್ಯಾನ್ ಕೊಳ್ಳುವುದಿಲ್ಲ. ಎರಡನೆಯ ಸರದಿಯ ಹದಿಮೂರನೆಯ ನಿಮಿಷದ ಆಸುಪಾಸಿನಲ್ಲಿ ಕ್ಯಾಡೆನ್ಸ್, ಅಂದರೆ ನಿಮಿಷಕ್ಕೆ ಪೆಡಲ್ ಸುತ್ತುವ ಸಂಖ್ಯೆ, ತಾನಾಗಿ 90ರಿಂದ 80ರ ಕಡೆಗೆ ಜಾರುತ್ತದೆ. ಆಗ ಒಂದು ಗೇರ್ ಇಳಿಸಿ ಮತ್ತೆ 90ಕ್ಕೆ ತರುವುದೇ ನಿಜವಾದ ಅಭ್ಯಾಸ. ಮನೆಯಿಂದಲೇ ಇತರರೊಂದಿಗೆ ತುಳಿಯುವ ಆನ್‌ಲೈನ್ ಆಪ್ ಜ್ವಿಫ್ಟ್‌ನ ಪರದೆಯ ಮೇಲೆ ಬೇರೆ ಸವಾರರು ಹಿಂದಿಕ್ಕಿ ಹೋಗುತ್ತಿದ್ದರೆ ಬೆನ್ನಟ್ಟುವ ಆಸೆಯಾಗುವುದು ಸಹಜ, ಅದಕ್ಕೇ ನಾನು ಆ ಹೊತ್ತು ಪರದೆಯನ್ನು ಆರಿಸಿ ಅಂಕಿಗಳನ್ನು ಮಾತ್ರ ನೋಡುತ್ತೇನೆ. ಗುರುವಾರವೂ ಇಂಥದ್ದೇ, ಆದರೆ ತುಸು ಚಿಕ್ಕ ಸರದಿಗಳಲ್ಲಿ. ವಾರಕ್ಕೆ ಇವೆರಡಕ್ಕಿಂತ ಹೆಚ್ಚು ಸಲ ಮಾಡಬಾರದು. ಮೂರು ನಾಲ್ಕು ಸಲ ಮಾಡಿದವರು ಜನವರಿಯಲ್ಲಿ ಹೊಳೆದು, ಮೊದಲ ರೇಸಿನ ಹೊತ್ತಿಗೆ ಸೊರಗಿಹೋಗುವುದನ್ನು ನಮ್ಮ ಕ್ಲಬ್ಬಿನಲ್ಲಿ ಪ್ರತಿವರ್ಷ ಕಾಣುತ್ತೇವೆ.

ಭಾನುವಾರದ್ದು ಪೂರ್ತಿ ಬೇರೆಯೇ ಲೋಕ. ಲಂಡನ್ನಿನ ದಕ್ಷಿಣಕ್ಕಿರುವ ಸರ್ರಿಯ ಗುಡ್ಡಗಾಡಿನ ಕಿರುರಸ್ತೆಗಳಲ್ಲಿ ನಾಲ್ಕು ಗಂಟೆ, ಎಫ್‌ಟಿಪಿಯ ಶೇ. 56ರಿಂದ 75ರ ಒಳಗೆ, ಪಕ್ಕದವನೊಂದಿಗೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಬಲ್ಲಷ್ಟು ಹಗುರವಾಗಿ. 2012ರ ಒಲಿಂಪಿಕ್ಸ್‌ನಲ್ಲಿ ಪುರುಷರ ರಸ್ತೆ ಸ್ಪರ್ಧೆಯು ಒಂಬತ್ತು ಬಾರಿ ಏರಿದ ಬಾಕ್ಸ್ ಹಿಲ್ ನಮ್ಮ ದಾರಿಯಲ್ಲೇ ಇದೆ. ಸುಮಾರು ಎರಡೂವರೆ ಕಿ.ಮೀ. ಉದ್ದದ ಆ ಏರಿನಲ್ಲಿ ಗುಂಪಿನ ಮುಂದಿರುವವರು ಎದ್ದು ನಿಂತು ತುಳಿದು ಹೋದರೂ ನಾನು ಕುಳಿತೇ ಏರುತ್ತೇನೆ. ಚಳಿಗಾಲದ ಸೈಕಲ್ಲೇ ಬೇರೆ. ಅಲ್ಯೂಮಿನಿಯಂ ಚೌಕಟ್ಟು, 28 ಮಿ.ಮೀ. ಟಯರ್, ಎರಡೂ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡ್. ಹಿಂದಿನ ಮಡ್‌ಗಾರ್ಡಿನ ತುದಿಗೆ ರಬ್ಬರಿನ ಪಟ್ಟಿ ಇಲ್ಲದಿದ್ದರೆ ನಿಮ್ಮ ಹಿಂದೆ ತುಳಿಯಲು ಯಾರೂ ಒಪ್ಪುವುದಿಲ್ಲ, ಏಕೆಂದರೆ ನಿಮ್ಮ ಚಕ್ರದ ಕೆಸರು ನೇರವಾಗಿ ಅವರ ಬಾಯಿಗೇ ಹೋಗುತ್ತದೆ. ರಸ್ತೆಗೆ ಎರಚುವ ಉಪ್ಪು ಚೈನನ್ನು ಬೇಗ ತಿನ್ನುತ್ತದೆ. ಮನೆಗೆ ಬಂದ ಕೂಡಲೇ ತೊಳೆದು, ಒರೆಸಿ, ಎಣ್ಣೆ ಹಾಕದೆ ನಾನು ಸ್ನಾನಕ್ಕೆ ಹೋಗುವುದಿಲ್ಲ. ತಾಪಮಾನ ಮೂರು ಡಿಗ್ರಿಗಿಂತ ಕೆಳಗಿದ್ದರೆ ಹೊರಡುವುದೇ ಇಲ್ಲ. ಮರಗಳ ನೆರಳಿನ ತಿರುವಿನಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪೊರೆ ಸೂರ್ಯ ಮೇಲೇರಿದ ಮೇಲೂ ಹಾಗೇ ಉಳಿದಿರುತ್ತದೆ, ಕೊರಳೆಲುಬು ಮುರಿದುಕೊಂಡವನಿಗೆ ಹಂಗಾಮಿನ ಮೊದಲರ್ಧ ಕೈತಪ್ಪಿದಂತೆಯೇ.

ಊಟದ ವಿಷಯದಲ್ಲಿ ಸಸ್ಯಾಹಾರಿಯಾದ ನಾನು ತುಸು ಎಚ್ಚರವಾಗಿರಬೇಕು. ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೊಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವುದನ್ನು ಎಲ್ಲರೂ ಯೋಚಿಸಬೇಕೆಂಬುದು ಇಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಇಲ್ಲಿನ ಚಳಿಗಾಲದ ಸೂರ್ಯನಿಂದ ಅದು ದೊರೆಯುವುದಿಲ್ಲ. ಬಿ12 ಮತ್ತು ಕಬ್ಬಿಣದ ಅಂಶವನ್ನು ರಕ್ತಪರೀಕ್ಷೆಯಲ್ಲಿ ನೋಡಿಸಿಕೊಳ್ಳುತ್ತೇನೆ. ಉಳಿದಂತೆ ಬೆಳಿಗ್ಗೆ ರಾಗಿ ಗಂಜಿ, ರಾತ್ರಿ ಅನ್ನ, ಬೇಳೆ, ಮೊಸರು. ನಾಲ್ಕು ಗಂಟೆಯ ಸವಾರಿಯಲ್ಲಿ ಗಂಟೆಗೆ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕೆಂದರೆ ಬಾಳೆಹಣ್ಣೊಂದರಿಂದ ಆಗದು, ಜೇಬಿನಲ್ಲಿ ರವೆ ಉಂಡೆ, ಖರ್ಜೂರ ಇರುತ್ತವೆ. ಚಳಿಗಾಲದಲ್ಲೇ ತೂಕ ಇಳಿಸುತ್ತೇನೆಂದು ಹಸಿದು ತುಳಿಯುವುದು ನನಗೆ ಸರಿಕಾಣದು. ಮೈ ಹಸಿದಾಗ ನೆಗಡಿ, ಕೆಮ್ಮು ಬೇಗ ಅಂಟಿಕೊಂಡು ಒಂದು ವಾರದ ಅಭ್ಯಾಸ ನೀರುಪಾಲಾಗುತ್ತದೆ.

ಡಿಸೆಂಬರ್ ಕೊನೆಗೆ ರಜೆಯಲ್ಲಿ ಊರಿಗೆ ಹೋದ ವರ್ಷಗಳಲ್ಲಿ ಚಿಕ್ಕಮಗಳೂರೇ ನನ್ನ ತರಬೇತಿ ಶಿಬಿರ. ಒಣ ರಸ್ತೆ, ಬೆಳಗಿನ ಹಿತವಾದ ಚಳಿ. ಎಲ್ಲಕ್ಕಿಂತ ಮಿಗಿಲಾಗಿ, ಕೈಮರದಿಂದ ಸೀತಾಳಯ್ಯನಗಿರಿಯ ಕಡೆಗೆ ಮುಕ್ಕಾಲು ಗಂಟೆಯವರೆಗೂ ಏರುತ್ತಲೇ ಹೋಗಬಹುದಾದಂತಹ ರಸ್ತೆ ಸರ್ರಿಯಲ್ಲಿ ಹುಡುಕಿದರೂ ಸಿಗದು. ಗ್ಯಾರೇಜಿನಲ್ಲಿ ಗೋಡೆ ನೋಡುತ್ತ ಮಾಡುವ ಇಪ್ಪತ್ತು ನಿಮಿಷದ ಸರದಿಯನ್ನು ಅಲ್ಲಿ ಕಾಫಿ ತೋಟಗಳ ನಡುವೆ ಮಾಡಬಹುದು. ವಾರಾಂತ್ಯದ ಪ್ರವಾಸಿ ವಾಹನಗಳ ಸಾಲನ್ನು ತಪ್ಪಿಸಿ ನಸುಕಿನಲ್ಲೇ ಹೊರಟರೆ ಸಾಕು.

ಜನವರಿಯ ನಡುವಿನಿಂದ ಅಭ್ಯಾಸದ ಸ್ವರೂಪ ರೇಸಿಗೆ ತಕ್ಕಂತೆ ಬದಲಾಗುತ್ತದೆ. ಪಶ್ಚಿಮ ಲಂಡನ್ನಿನ ಸೈಕಲ್ ರೇಸ್ ಪಥವಾದ ಹಿಲಿಂಗ್‌ಡನ್ ಸರ್ಕ್ಯೂಟಿನ ಒಂದು ಸುತ್ತು ಸುಮಾರು ಒಂದೂವರೆ ಕಿ.ಮೀ.; ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡೂಕಾಲು ನಿಮಿಷ. ಒಂದು ಗಂಟೆಯ ರೇಸಿನಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಸಲ ಅದೇ ಬಿಗಿಯಾದ ತಿರುವಿನಲ್ಲಿ ವೇಗ ತಗ್ಗಿಸಿ ಮತ್ತೆ ಸಿಡಿದೇಳಬೇಕು, ಗುಂಪಿನ ಬಾಲದಲ್ಲಿದ್ದವರು ಇನ್ನೂ ಬಲವಾಗಿ. ಸಮಗತಿಯ ಸ್ವೀಟ್ ಸ್ಪಾಟ್ ಇದನ್ನು ಕಲಿಸುವುದಿಲ್ಲ. ಆದ್ದರಿಂದ ಗುರುವಾರದ ಅಭ್ಯಾಸ 30 ಸೆಕೆಂಡು ಬಲವಾಗಿ, 15 ಸೆಕೆಂಡು ಹಗುರವಾಗಿ ತುಳಿಯುವ ಸರಣಿಗಳಾಗುತ್ತದೆ. ಮಂಗಳವಾರ ಮಾತ್ರ ಹಳೆಯ ರೂಪದಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಎಫ್‌ಟಿಪಿಯನ್ನು ಮತ್ತೊಮ್ಮೆ ಅಳೆದು ವ್ಯಾಟ್‌ಗಳನ್ನು ತಿದ್ದಿಕೊಂಡಿರುತ್ತೇನೆ. ಫೆಬ್ರುವರಿಯಲ್ಲಿ ಭಾನುವಾರದ ಕೊನೆಯ ಒಂದು ಗಂಟೆಯನ್ನು ಕ್ಲಬ್ಬಿನ ವೇಗದ ಗುಂಪಿನೊಂದಿಗೆ ಸರದಿಯಂತೆ ಮುಂದೆ ಬಂದು ಗಾಳಿಗೆ ಎದೆಕೊಡುವುದಕ್ಕೆ ಮೀಸಲಿಡುತ್ತೇನೆ, ಏಕೆಂದರೆ ಗುಂಪಿನಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ತುಳಿಯುವ ಧೈರ್ಯವನ್ನು ಗ್ಯಾರೇಜು ಕಲಿಸಲಾರದು. ಮೊದಲ ರೇಸಿಗೆ ಎರಡು ವಾರವಿರುವಾಗ ಭಾರ ಎತ್ತುವುದನ್ನು ನಿಲ್ಲಿಸಿ, ಕೊನೆಯ ವಾರ ಗಂಟೆಗಳನ್ನು ಮೂರನೆಯ ಒಂದು ಭಾಗದಷ್ಟು ಕಡಿತಗೊಳಿಸುತ್ತೇನೆ. ಆದರೆ ಗುರುವಾರದ 30-15 ಸರಣಿಯನ್ನು ಮಾತ್ರ, ಸಂಖ್ಯೆಯನ್ನು ಅರ್ಧಕ್ಕಿಳಿಸಿಯಾದರೂ, ಆ ವಾರವೂ ಬಿಡುವುದಿಲ್ಲ.