ಮೊಬೈಲ್‌ನಲ್ಲಿ ಚದುರುತ್ತಿದ್ದ ಅಡುಗೆ ಬರಹ: ವರ್ಡ್‌ಪ್ರೆಸ್‌ನಲ್ಲಿ ಸರಿಯಾದ ಬಗೆ

ಸಮಸ್ಯೆ ಇದು. ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ನಡೆಯುವ, ನಾಲ್ಕಾರು ಜನ ಅಡುಗೆ ಬರಹ ಹಾಕುವ ಜಾಲತಾಣ. ಒಬ್ಬರು ಸಾಮಗ್ರಿಗಳನ್ನು ಟೇಬಲ್‌ನಲ್ಲಿ ಹಾಕಿದರೆ ಇನ್ನೊಬ್ಬರು ಸ್ಪೇಸ್ ಒತ್ತಿ ಜೋಡಿಸುತ್ತಿದ್ದರು. ಕಂಪ್ಯೂಟರ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಮೊಬೈಲ್‌ನಲ್ಲಿ ‘ಹುಣಸೆಹಣ್ಣು’ ಒಂದು ಸಾಲು, ಅದರ ಅಳತೆ ಇನ್ನೆಲ್ಲೋ.

ನಿಯಮಗಳ ಪಟ್ಟಿ ಕಳಿಸಿದೆ, ಯಾರೂ ಓದಲಿಲ್ಲ. ಹಳೆಯ ಬರಹವನ್ನೇ ನಕಲು ಮಾಡಿ ತಿದ್ದಿ ಎಂದೆ, ಹಳೆಯ ಫೋಟೊ ಹಾಗೇ ಉಳಿಯಿತು. ಪುಟದ ನೋಟ ಬದಲಿಸುವ ಸಿಎಸ್‌ಎಸ್ ಕೋಡ್‌ನ ತೇಪೆಯೂ ಜಾಸ್ತಿ ದಿನ ಬಾಳಲಿಲ್ಲ.

ಕೆಲಸಕ್ಕೆ ಬಂದದ್ದು ಬ್ಲಾಕ್ ಟೆಂಪ್ಲೇಟ್. ಬರಹದ ಒಂದೊಂದು ತುಂಡು (ಫೋಟೊ, ಪ್ಯಾರಾ, ಪಟ್ಟಿ) ಒಂದು ಬ್ಲಾಕ್; ಹೊಸ ಬರಹ ತೆರೆದಾಗ ಅವು ಯಾವ ಕ್ರಮದಲ್ಲಿ ಸಿದ್ಧವಾಗಿರಬೇಕು ಎಂಬ ಅಚ್ಚೇ ಟೆಂಪ್ಲೇಟ್. ಮೊದಲು ಅಡುಗೆಗೇ ಬೇರೆ ಪೋಸ್ಟ್ ಟೈಪ್, ಅಂದರೆ ಬರಹದ ಬೇರೆ ಬಗೆ, ಕೋಡ್‌ನಲ್ಲಿ ರಿಜಿಸ್ಟರ್ ಮಾಡಿ. ಅದರಲ್ಲಿ ‘ಶೋ ಇನ್ ರೆಸ್ಟ್’ (show_in_rest) ಟ್ರೂ ಇರಲೇಬೇಕು, ಇಲ್ಲದಿದ್ದರೆ ಬ್ಲಾಕ್‌ಗಳಿಲ್ಲದ ಹಳೆಯ ಎಡಿಟರ್ ತೆರೆಯುತ್ತದೆ. ಸಪೋರ್ಟ್ಸ್ (supports) ಪಟ್ಟಿಯಲ್ಲಿ ‘ಎಡಿಟರ್’ (editor) ಇರಲಿ. ಆಮೇಲೆ ‘ಟೆಂಪ್ಲೇಟ್’ (template) ಅರೇಯಲ್ಲಿ, ಅಂದರೆ ಕೋಡ್‌ನ ಪಟ್ಟಿಯಲ್ಲಿ, ಕ್ರಮವಾಗಿ ಫೋಟೊ, ಪೀಠಿಕೆ, ಸಾಮಗ್ರಿ, ವಿಧಾನ. ಪೀಠಿಕೆಯ ಪ್ಲೇಸ್‌ಹೋಲ್ಡರ್‌ನಲ್ಲಿ (ಖಾಲಿ ಜಾಗದಲ್ಲಿ ಮಸುಕಾಗಿ ಕಾಣುವ ಸುಳಿವು) ‘ಎಷ್ಟು ಜನಕ್ಕೆ ಆಗುತ್ತದೆ ಬರೆಯಿರಿ’ ಎಂದು ಕನ್ನಡದಲ್ಲೇ ಹಾಕಿದೆ. ನಿಯಮಗಳ ಪಟ್ಟಿಗಿಂತ ಇದೇ ವಾಸಿ. ಕೊನೆಗೆ ‘ಟೆಂಪ್ಲೇಟ್ ಲಾಕ್’ (template_lock) ಅನ್ನು ‘ಆಲ್’ (all) ಮಾಡಿ. ಆಗ ಬ್ಲಾಕ್ ಸೇರಿಸಲು, ತೆಗೆಯಲು, ಜರುಗಿಸಲು ಆಗುವುದಿಲ್ಲ.

ಇಲ್ಲೊಂದು ತೊಡಕಿದೆ. ಲಾಕ್ ಹಾಕಿದ ಮೇಲೆ ಪಟ್ಟಿಯಲ್ಲಿ ಎಂಟರ್ ಒತ್ತಿದರೂ ಹೊಸ ಸಾಲು ಬರುವುದಿಲ್ಲ. ಪಟ್ಟಿಯ ಪ್ರತಿ ಸಾಲೂ ಈಗ ಒಂದು ಬ್ಲಾಕ್ ಅಲ್ವಾ, ಅದಕ್ಕೇ. ಹಾಗಾಗಿ ಸಾಮಗ್ರಿ, ವಿಧಾನ ಎರಡನ್ನೂ ಒಂದೊಂದು ಗ್ರೂಪ್ ಬ್ಲಾಕ್ (ಬೇರೆ ಬ್ಲಾಕ್‌ಗಳನ್ನು ಒಳಗಿಡುವ ಬ್ಲಾಕ್) ಒಳಗಿಟ್ಟು, ಆ ಗ್ರೂಪ್‌ಗಳಿಗೆ ಮಾತ್ರ ‘ಟೆಂಪ್ಲೇಟ್ ಲಾಕ್’ (ಇಲ್ಲಿ templateLock) ಫಾಲ್ಸ್ ಕೊಡಿ. ಹೊರಗಿನ ಚೌಕಟ್ಟು ಗಟ್ಟಿ, ಒಳಗೆ ಎಷ್ಟು ಸಾಲು ಬೇಕಾದರೂ ಸೇರಿಸಬಹುದು.

ಹಳೆಯ ಬರಹಗಳನ್ನು ಈ ಪೋಸ್ಟ್ ಟೈಪ್‌ಗೆ ತಂದರೆ ಟೆಂಪ್ಲೇಟ್ ಹೊಂದುತ್ತಿಲ್ಲ ಎಂಬ ಸೂಚನೆ ಬರುತ್ತದೆ. ಅಲ್ಲಿ ರೀಸೆಟ್ ಒತ್ತಬೇಡಿ, ಬರೆದದ್ದು ಹೋಗಬಹುದು.